ಬೇರೆ ಇರುವ ಭತ್ಯೆ

ಲಾಟನ್ ಊರು. ಫಿರಂಗಿ ಮೈದಾನದ ಬೇಲಿಗೆ ಎರಡೇ ಮೈಲಿ.
ರೋಲೀನ್ ಸಂಬಳದ ಚೀಟಿ ಬಿಡಿಸಿ
ಹಾರದಂತೆ ಉಪ್ಪಿನ ಡಬ್ಬಿ ಇಟ್ಟಿದ್ದಾಳೆ.

ಮೂಲವೇತನ. ಮನೆಬಾಡಿಗೆ. ಊಟದ ಬಾಬ್ತು.
ಕೆಳಗೊಂದು ಸಾಲು: ಸಂಸಾರ ಬೇರೆ ಇರುವುದಕ್ಕೆ
ತಿಂಗಳಿಗೆ ಇನ್ನೂರೈವತ್ತು ಡಾಲರು.

ಮೊನ್ನೆ ಕಚೇರಿಯ ಹುಡುಗ ಬಿಡಿಸಿ ಹೇಳಿದ್ದ:
"ಮೇಡಂ, ಕೈಗೆ ಬರೋದು ಅರ್ಧ ಮಾತ್ರ. ಆಸ್ಪತ್ರೆ ಬಿಟ್ಟಿ,
ಬಾಡಿಗೆಗೆ ತೆರಿಗೆ ಇಲ್ಲ, ಅಂಗಡಿಯಲ್ಲಿ ಸೋಡಿ,
ಎಲ್ಲ ಕೂಡಿಸಿ ನೋಡಿ, ನಿಜವಾದ ಬೆಲೆ ತಿಳಿಯುತ್ತೆ."

ಹುಡುಗ ಸುಳ್ಳಾಡಲಿಲ್ಲ.
ಟಕರ್ ಹುಟ್ಟಿದಾಗ ಅವಳು ಕೊಟ್ಟದ್ದು ಒಂದು ಸಹಿ.
ಟಲ್ಸಾದಲ್ಲಿ ಅಕ್ಕ ಇನ್ನೂ
ಎರಡನೇ ಹೆರಿಗೆಯ ಸಾಲ ತೀರಿಸುತ್ತಿದ್ದಾಳೆ.

ಭಾಗಿಸಿದಳು. ದಿನಕ್ಕೆ ಎಂಟು ಡಾಲರು, ಮೂವತ್ತಮೂರು ಸೆಂಟು.
ಅಷ್ಟಕ್ಕೆ ಒಂದು ಸಣ್ಣ ಪಿಜ್ಜಾ ಬರುತ್ತದೆ,
ಇಲ್ಲವೇ ಹಾಸಿಗೆಯ ಆ ಬದಿ.

ನಮ್ಮಲ್ಲಿ ಸಂಬಳವೆಂದರೆ ಹಿಂದೆ ದಾರಿಯ ಬುತ್ತಿ,
ಹೊರಟವನ ಹೆಗಲಿಗೆ ಮನೆಯವರು ಕಟ್ಟುತ್ತಿದ್ದುದು.
ಇಲ್ಲಿ ಹೊರಟವನೇ ಕಟ್ಟಿ ಕಳಿಸುತ್ತಾನೆ
ಕೂತಲ್ಲೇ ಕೂತವರ ದಾರಿಗೆ.

ವೆಂಡೆಲನ ಎಡಗಿವಿಗೆ ಶೇಕಡಾ ಹತ್ತು, ಅದೂ ಬರುತ್ತದೆ ಮುಂದೆ.
ಹೋದಸಲ ಬಂದಾಗ ಮಗ ಆ ಕಡೆಯಿಂದ ಕರೆದು ಕರೆದು
ಸುಮ್ಮನಾದದ್ದು
ಯಾವ ಕಾಲಮ್ಮಿಗೆ?

ಹೊರಗೆ ಅಭ್ಯಾಸದ ಗುಂಡು. ಕಿಟಕಿಯ ಗಾಜು ನಡುಗಿತು.
ಟಕರ್ ಮಗ್ಗುಲು ಕೂಡ ಬದಲಿಸಲಿಲ್ಲ.
ಆಮೇಲೆ ಬೀದಿಯಲ್ಲಿ, ಮೆಲ್ಲಗೆ,
ಕಾರಿನ ಬಾಗಿಲು ಹಾಕಿದ ಸದ್ದು. ಮತ್ತೊಂದು ಬಾಗಿಲು.
ಅವಳ ಪೆನ್ಸಿಲು ನಿಂತಿತು.

ಪಕ್ಕದ ಮನೆಯವರು. ಹಾಲು, ಬ್ರೆಡ್ಡು ಇಳಿಸಿಕೊಳ್ಳುತ್ತಿದ್ದಾರೆ.

ದಶಕ ಎಷ್ಟೆಂಬುದು ಮರೆತುಹೋಗಿ
ಮೇಲಿನಿಂದ ಮತ್ತೆ ಕೂಡಿಸುತ್ತಾಳೆ.