ಎರಡನೇ ಕೋಟು

ಏಜಂಟ್ ಗಾಯಕವಾಡ ಬಂದ. ಅಡಗಿಮನಿ ನೋಡಿ ಹೂಂ ಅಂದ,
ಮಾಳಗಿ ಏರಿ ಇಳದು ಹೂಂ ಅಂದ,
ಗ್ಯಾರೇಜಿನ ಶಟರ್ ಎತ್ತಿದ ಕೂಡ್ಲೆ ಲೊಚಗುಟ್ಟಿದ.
"ಬಾಯಿ, ಈ ನೆಲಾ ನೋಡಿದ್ರ ಗಿರಾಕಿ ಐವತ್ತು ಸಾವಿರ ಇಳಸ್ತಾನ.
ಮೊದಲ ಬಣ್ಣಾ ಹಚ್ರಿ, ಆಮ್ಯಾಲ ರೇಟು ಹೇಳ್ರಿ."

ಹನ್ನೊಂದು ವರ್ಷದ ಹಿಂದಿನ ಬೂದಿ ಬಣ್ಣ.
ಟೆಂಪೊ ನಿಲ್ಲೋ ಜಾಗಾದಾಗ ಎರಡು ಪಟ್ಟಿ ಕಿತ್ತು ಹೋಗ್ಯಾವ.
ಹೊಟಗಿ ರೋಡಿನ ಡಾಂಬರು ತುಳದು
ಕಾದ ಗಾಲಿ ಬಂದು ನೆಲದ ಮ್ಯಾಲ ಕುಂಡ್ರತಾವ,
ರಾತ್ರಿ ಆರಿಕೋತ ಅಂಟಿಕೊಂಡು ಮಲಗತಾವ,
ಮುಂಜಾನಿ ಹೊಂಟಾಗ ಒಂದೀಟು ಕಡಕೊಂಡು ಹೋಗ್ತಾವ.
ಒಂದ ದಿನದಾಗ ಗೊತ್ತಾಗಂಗಿಲ್ಲ ಅದು.

ವಕೀಲರ ಕಾಗದದಾಗ ಎಲ್ಲಾ ಅರ್ಧಾ ಅರ್ಧಾ.
ಹಂಗಾಗಿ ಡಬ್ಬಿ ರೊಕ್ಕಾನೂ ಅರ್ಧಾ, ದುಡಿಯೂದೂ ಅರ್ಧಾ.
ಐತವಾರ ಏಳಕ್ಕ ಬಂದ ಮಡಿವಾಳಪ್ಪ,
ಅಣ್ಣನ ಮನಿಯಿಂದ, ಹಳೇ ಚಡ್ಡಿ,
ಬಗಲಾಗ ಚಾದರ ಕಾರಖಾನಿ ಚಿಂದಿ ಗಂಟು.
ನಾನು ರಾತ್ರಿ ಡ್ಯೂಟಿ ಮುಗಿಸಿ ದವಾಖಾನಿಯಿಂದ ಸೀದಾ.
"ಚಹಾ ಆತ?" ಅಂದ.
"ಆತು" ಅಂದೆ. ಆಗಿದ್ದಿಲ್ಲ.

ಮೊದಲ ಕೆರೆಯೂದು.
ಎದ್ದ ಬಣ್ಣ ಎಬ್ಬಸೂದು ಸಸಾರ,
ಗಟ್ಟಿ ಹಿಡಕೊಂಡದ್ದನ್ನ ಒರಟ ಮಾಡೂದ ತ್ರಾಸು.
ನುಣುಪ ಇದ್ದಲ್ಲಿ ಹೊಸಾದು ನಿಲ್ಲಂಗಿಲ್ಲ ಅಂತ
ಡಬ್ಬಿ ಮ್ಯಾಲ ಮರಾಠಿಯೊಳಗ ಬರದಿತ್ತು.
ಅಂವ ಜೋರಾಗಿ ಓದಿದ, ನಾ ತಿಕ್ಕಿದೆ.

ತಳದ ಮೂಲ್ಯಾಗ ಒಂದು ಎಣ್ಣಿ ಕಲಿ.
ಟೆಂಪೊ ತಂದ ದಿನಾನ ಸೋರಿದ್ದು,
ಪೇಢೆ ಹಂಚೋ ಗದ್ದಲದಾಗ ಯಾರೂ ನೋಡಿದ್ದಿಲ್ಲ.
ಸೋಡಾ ಹಾಕಿದ್ವಿ, ಆ್ಯಸಿಡ್ ಹಾಕಿದ್ವಿ,
ನೊರಿ ಎದ್ದು, ಹೊಗಿ ಎದ್ದು, ಕಲಿ ಅಲ್ಲೇ.
"ಇದರ ಮ್ಯಾಲ ಹಚ್ಚಿದ್ರ ಆರು ತಿಂಗಳಿಗೆ ಏಳ್ತದ" ಅಂದ.
"ಆರು ತಿಂಗಳಿಗೆ ಅದು ಯೆಮುಲ್ ಸೇಠಂದು" ಅಂದೆ.
ಸುಮ್ಮನಾದ.
ಮತ್ತ ಕುಕ್ಕರಗಾಲಿಲೆ ಕುಂತು, ಉಳಿ ಹಿಡದು,
ಎಣ್ಣಿ ಕುಡದಷ್ಟು ಕಾಂಕ್ರೀಟು ಕೆತ್ತಿ ಕೆತ್ತಿ ತಗದ,
ಪುಟ್ಟಿ ತುಂಬಿದ, ಹೆಬ್ಬಟ್ಟಿಲೆ ಅಂಚು ಸವರಿದ.
ಯಾರದೋ ಟಾವೆಲ್ ಸೇಠನ ಮುಂದಿನ ಬ್ಯಾಸಗಿ ಸಲುವಾಗಿ.
ಇಂಥಾ ಜಿದ್ದು ಇಂವಗ ಯಾವಾಗ ಬಂತು?
ಮೊದಲೂ ಇತ್ತೇನು,
ನಾ ಬರೇ ಶಟರ್ ಎತ್ತೂದು ಇಳಸೂದು ನೋಡಿದ್ನೇನು?

ದೊಡ್ಡ ಡಬ್ಬಿಯೊಳಗ ಸಣ್ಣ ಡಬ್ಬಿ ಸುರುವಿ ಕಲಿಸಿದ ಮ್ಯಾಲ
ನಲವತ್ತು ಮಿನಿಟು ಅಷ್ಟ.
ಆಮ್ಯಾಲ ಬಕೀಟಿನಾಗ ಕಲ್ಲಾಗ್ತದ.
ಮಾತಾಡಾಕ ಟೈಮ್ ಇದ್ದಿಲ್ಲ, ಚಲೋ ಆತು.
ತಳದ ಗ್ವಾಡಿಯಿಂದ ಸುರು,
ಹಿಂದ ಹಿಂದ ಸರಕೋತ ಶಟರಿನ ತನಕ.
ನಡುವ ಗೆರಿ ಬೀಳಬಾರದು.
ಹಸಿ ಇದ್ದಾಗ ಕೂಡಬೇಕು, ಒಣಗಿದ ಮ್ಯಾಲ ಕೂಡಿಸಿದ್ರ ಕಾಣ್ತದ.
ಹಂಗಾಗಿ ಅವನ ರೋಲರು ನನ್ನ ಕಡಿ ಒಂದು ಗೇಣು ಬಂತು,
ನಂದು ಅವನ ಕಡಿ ಒಂದು ಗೇಣು.
ವಕೀಲರ ಲೆಕ್ಕದಾಗ ಈ ಗೇಣು ಇಲ್ಲ.

ಹೊರಗ ಬಂದು ನಿಂತ್ವಿ, ಬರಿಗಾಲಿಲೆ.
ಒಳಗ ನೆಲಾ ಕೆರಿ ಕಂಡಂಗ ಕಂಡ್ತು.
ಮ್ಯಾಲೊಂದು ಬಲ್ಬು, ಕೆಳಗೊಂದು ಬಲ್ಬು.
ಆವಾಗ ನೆನಪಾತು,
ಸ್ವಿಚ್ಚು ಇರೂದು ತಳದ ಗ್ವಾಡಿಗೆ.
ಇಪ್ಪತ್ನಾಕು ತಾಸು ಯಾರೂ ಕಾಲಿಡೂಹಂಗಿಲ್ಲ.

ಅಂವ ಬಲ್ಬು ನೋಡ್ದ, ನನ್ನ ನೋಡ್ದ,
"ಲೈಟ್ ಬಿಲ್ಲು ಯಾರು ಕೊಡೂದು?" ಅಂದ.
ಅರ್ಧಾ ಅನ್ನಬೇಕಿತ್ತು ನಾನು.
"ಮಣಕೈಗೆ ಬಣ್ಣಾ ಹತ್ಯಾದ" ಅಂದೆ,
"ತಿನ್ನರ್ ಅದ, ಒಣಗೂದ್ರಾಗ ತಗಿ."