ಬಾಯ್ಲರ್ ರಿಪೇರಿಯವನ ವರದಿ

ನನ್ನನ್ನು ಯಾರೂ ಕೇಳಲಿಲ್ಲ.
ಕೌಂಟಿ ಕಚೇರಿಯ ಗೋಡೆಗೆ ತಖ್ತೆ ಅಂಟಿಸಿದ್ದಾರೆ:
ಮೂರು ಹೈಸ್ಕೂಲು, ಹನ್ನೊಂದು ಕಾಲಮ್ಮು,
ಗಣಿತ, ಓದು, ಹಾಜರಿ, ತಲೆಗಿಷ್ಟು ಡಾಲರು,
ಕೊನೆಯಲ್ಲಿ ನಕ್ಷತ್ರ.
ಹ್ಯಾಸ್ಕೆಲ್‌ಗೆ ನಾಲ್ಕು, ಈಸ್ಟ್ ಫೋರ್ಕ್‌ಗೆ ಮೂರು,
ಡ್ರೈ ಕ್ರೀಕ್‌ಗೆ ಒಂದೂವರೆ.
ಅರ್ಧ ನಕ್ಷತ್ರ ನಾನು ಕಂಡಿಲ್ಲ,
ನೆಬ್ರಾಸ್ಕಾದ ಈ ಬಯಲಲ್ಲಿ
ಆಕಾಶಕ್ಕೇನೂ ಕೊರತೆಯಿಲ್ಲ.

ಇಪ್ಪತ್ತಾರು ಚಳಿಗಾಲ
ಮೂರೂ ಶಾಲೆಗಳ ನೆಲಮಾಳಿಗೆಗೆ ಇಳಿದಿದ್ದೇನೆ,
ಮೇಲೆ ಪಾಠ ನಡೆಯುವಾಗ ಕೆಳಗೆ
ಮಂಡಿಯೂರಿ, ಟಾರ್ಚು ಹಲ್ಲಲ್ಲಿ ಕಚ್ಚಿ.
ಉಗಿ ಏರುವ ದಾರಿಯಲ್ಲೇ
ಮಾತು ಇಳಿದು ಬರುತ್ತದೆ.

ಹ್ಯಾಸ್ಕೆಲ್‌ನದು ಹೊಸ ಯಂತ್ರ. ನೀಲಿ ಮೈ, ಪುಟ್ಟ ಪರದೆ,
ಕೆಟ್ಟರೆ ತಾನೇ ಹೇಳುತ್ತದೆ ಕಾಯಿಲೆಯ ನಂಬರು.
ಗಾಳಿಯಂತ್ರಗಳೆಲ್ಲ ಆ ಶಾಲೆಯ ಗಡಿಯೊಳಗೆ ಬಿದ್ದವು,
ರೆಕ್ಕೆ ತಿರುಗಿದಷ್ಟೂ ತೆರಿಗೆ.
ಅರ್ಧ ಮೈಲಿ ಆಚೆ ನೆಟ್ಟಿದ್ದರೆ
ನಕ್ಷತ್ರಗಳು ಬೇರೆಯವರ ಪಾಲಾಗುತ್ತಿದ್ದವು.
ಅಲ್ಲಿ ಕೊಳವೆಗೆ ಕಿವಿಯಿಟ್ಟರೂ ಏನೂ ಕೇಳದು,
ಅಷ್ಟು ದಪ್ಪ ಹೊದಿಕೆ.
ಒಮ್ಮೆ ಮಾತ್ರ, ಹುಡುಗರ ಶೌಚಾಲಯದ ಕಡೆಯಿಂದ,
ನಲ್ಲಿ ಬಿಟ್ಟುಕೊಂಡು ಯಾರೋ ಅತ್ತರು.
ವ್ರೆಂಚು ಕೆಳಗಿಟ್ಟು ಕಾದೆ.
ನಲ್ಲಿ ನಿಂತಿತು. ಗಂಟೆ ಹೊಡೆಯಿತು.

ಈಸ್ಟ್ ಫೋರ್ಕ್‌ನಲ್ಲಿ ಮೈದಾನಕ್ಕೆ ದೀಪಗಳು,
ಗ್ರಂಥಾಲಯಕ್ಕೆ ಬಕೆಟ್ಟು.
ಹನ್ನೊಂದು ಹುಡುಗರು ಸಿಗದೆ ಆರೇ ಜನರ ಫುಟ್‌ಬಾಲು;
ಶುಕ್ರವಾರ ರಾತ್ರಿ ಇಡೀ ಊರು
ಪಿಕಪ್ಪುಗಳ ಮೂತಿ ಮೈದಾನಕ್ಕೆ ತಿರುಗಿಸಿ ಹಾರ್ನು ಹೊಡೆಯುತ್ತದೆ.
ಬೇರೆ ಹೇಳುವುದಿಲ್ಲ. ನಾನೂ ಹೊಡೆದಿದ್ದೇನೆ.

ಡ್ರೈ ಕ್ರೀಕ್.
ಮಕ್ಕಳು ನಲವತ್ತೊಂದು. ಬಾಯ್ಲರು ನನಗಿಂತ ಹಿರಿದು.
ಜಾಡಮಾಲಿ ಓರ್ಫಾ ಅದರ ಹೊಟ್ಟೆ ತಟ್ಟಿ
'ಏಳೋ ಮುದುಕ' ಅನ್ನುತ್ತಾಳೆ, ಕೆಲವು ದಿನ ಅದು ಏಳುತ್ತದೆ.
ಬೆಳಿಗ್ಗೆ ಬಸ್ಸು ಓಡಿಸುವ ಟೆಸ್ಕೆ ಮೇಷ್ಟ್ರು
ಒಂಬತ್ತಕ್ಕೆ ಸ್ಪ್ಯಾನಿಷ್, ಹನ್ನೊಂದಕ್ಕೆ ರಸಾಯನಶಾಸ್ತ್ರ.
ಆ ಫೆಬ್ರವರಿ ಮೇಲಿನ ಕೋಣೆಗಳಲ್ಲಿ ಶಾಯಿ ಹೆಪ್ಪುಗಟ್ಟಿದಾಗ
ಹದಿನಾಲ್ಕು ಮಕ್ಕಳನ್ನು ಕೋಟಿನ ಸಮೇತ
ನನ್ನ ಬಳಿಗೇ ಇಳಿಸಿಕೊಂಡು ಬಂದರು.
'ಈ ಕೊಳವೆ ಯಾಕೆ ಓರೆಯಾಗಿದೆ?
ಇವರನ್ನೇ ಕೇಳಿ,' ಎಂದರು.

ನನಗೆ ಬಾಯಿ ಒಣಗಿತು.
ಇಪ್ಪತ್ತಡಿಗೆ ಒಂದಂಗುಲ ಇಳಿಜಾರು, ಎಂದೆ.
ಉಗಿಯಾಗಿ ಹೋದದ್ದು ನೀರಾಗಿ ವಾಪಸು ಬರಬೇಕಲ್ಲ.
'ಬರದಿದ್ದರೆ?' ಹಿಂದೆ ನಿಂತ ಲವೋನ್ ಕೇಳಿದಳು,
ತೋಳಿಗೆ ಅಣ್ಣನ ಜಾಕೆಟ್ಟು ದೊಡ್ಡದಾಗಿತ್ತು.
ನಡುವೆ ಸಿಕ್ಕಿಕೊಂಡು ಬಡಿಯುತ್ತದೆ, ಎಂದೆ.
ಆ ಕ್ಷಣಕ್ಕೇ ಬಡಿಯಿತು.
ಎಲ್ಲರೂ ನಕ್ಕರು. ಹನ್ನೊಂದು ನಿಮಿಷ
ನಾನೂ ಒಬ್ಬ ಮೇಷ್ಟ್ರು.

ಇದನ್ನು ಯಾವ ಕಾಲಮ್ಮಿಗೂ ಹಾಕಲಾಗದು, ಸರಿ.
ಆದರೆ ಅದೇ ಲವೋನ್ ಮುಂದೆ ನರ್ಸಿಂಗ್ ಓದಲು ಹೋಗಿ
ಬೀಜಗಣಿತವನ್ನು ಮತ್ತೆ ಮೊದಲಿಂದ ಕಲಿತಳು,
ದುಡ್ಡು ಕಟ್ಟಿ, ಎರಡು ಸಲ.
ಭೌತಶಾಸ್ತ್ರ ಆ ಶಾಲೆಯಲ್ಲಿ ಇರಲೇ ಇಲ್ಲ,
ನನ್ನ ಹನ್ನೊಂದು ನಿಮಿಷ ಬಿಟ್ಟರೆ.
ತಖ್ತೆ ಸುಳ್ಳು ಹೇಳಿಲ್ಲ.
ಅದಕ್ಕೇ ಅದರ ಮೇಲೆ ಸಿಟ್ಟು.

ನಿನ್ನೆ ಮಗಳು ಫೋನಿನಲ್ಲಿ:
'ಅಪ್ಪಾ, ರೆನ್ನಾಳನ್ನು ಒಂಬತ್ತನೆಯದಕ್ಕೆ ಎಲ್ಲಿ ಹಾಕಲಿ?
ಮೂರನ್ನೂ ನೀನು ಬಲ್ಲೆ.'
ಅವರ ಮನೆ ಗಡಿಗೆರೆಯ ಮೇಲೇ ಇದೆ, ಆಯ್ಕೆಗೆ ಅವಕಾಶವಿದೆ.
ಸೋದೆಯ ಮೇಲೆ ಗಾಳಿ ಹೊರಳುವುದನ್ನು ಕೇಳುತ್ತ ಕೂತೆ.
ಹ್ಯಾಸ್ಕೆಲ್‌ಗೆ ಹಾಕು, ಎಂದೆ.
ಅಲ್ಲಿ ಬೆಚ್ಚಗಿರುತ್ತದೆ.

ಫೋನಿಟ್ಟು ಗಾಡಿ ಹತ್ತಿದೆ.
ನನ್ನ ದುಡ್ಡಲ್ಲಿ ಕೊಂಡ ಹಿತ್ತಾಳೆ ವಾಲ್ವು
ಪಕ್ಕದ ಸೀಟಿನಲ್ಲಿ, ಚಿಂದಿಯಲ್ಲಿ ಸುತ್ತಿಟ್ಟದ್ದು.
ಡ್ರೈ ಕ್ರೀಕ್‌ಗೆ ಮೂವತ್ತೆರಡು ಮೈಲಿ, ಹಿಮ ಅಡ್ಡಡ್ಡ ಬೀಳುತ್ತಿತ್ತು.
ಓರ್ಫಾ ಬಾಗಿಲು ತೆರೆದು ರಿಜಿಸ್ಟರು ಹಿಡಿದು ನಿಂತಳು,
'ಇದನ್ನ ಯಾವ ಲೆಕ್ಕಕ್ಕೆ ಬರೀಲಿ?'

ಪೆನ್ನು ಕಿಸೆಗಿಡು, ಎಂದೆ,
ಈ ಟಾರ್ಚು ಹಿಡಿ.