ಮೂರು ಹೆಬ್ಬೆರಳು

ಅರಸೀಕೆರೆಯ ನಮ್ಮ ಮನೇಲಿ ಫೋನು ಒಂದೇ.
ಗಾಜಿನ ಮೂಲೆ ಒಡೆದದ್ದು,
ಹಳೇ ಸೀರೆಯ ಚೂರಲ್ಲಿ ಹೊಲಿದ ಚೀಲ.
ಹಗಲೆಲ್ಲ ನನ್ನದು, ಸಂಜೆ ಮಗಳದು,
ಊಟವಾದ ಮೇಲೆ ಅತ್ತೆ ನಿಂಗಾಜಮ್ಮನದು.

ಪಾಪ, ಅದಕ್ಕೆ ಗೊತ್ತಿಲ್ಲ ನಾವು ಮೂವರೆಂದು.
ಯಾರೋ ಒಬ್ಬಳೇ ಇದ್ದಾಳೆ ಅಂದುಕೊಂಡಿದೆ:
ಕಟೋರಿ ಬ್ಲೌಸಿನ ಕಟ್ಟಿಂಗು ನೋಡುವವಳು,
ತ್ರಿಕೋನಮಿತಿ ಹತ್ತದೆ ಮೂರು ಸಲ ಹಿಂದಕ್ಕೆಳೆಯುವವಳು,
ಮಂಡಿನೋವಿಗೆ ಎಕ್ಕದೆಲೆ ಕಟ್ಟಿಕೊಂಡು
ಮೊಡವೆಗೆ ಅಳುವವಳು.
ಅವಳಿಗೇ ಬಡಿಸುತ್ತದೆ, ಒಂದೇ ಎಲೆಯಲ್ಲಿ,
ಕೋಸಂಬರಿಗೆ ಕಾಡಿಗೆ ಕಲಸಿ.

ಒಂದೊಂದು ಸಲ ನನಗೂ ಅವಳು ಇಷ್ಟವಾಗುತ್ತಾಳೆ.
ಎದುರು ಸಿಕ್ಕಿದ್ದರೆ
ಕೂರಿಸಿ ಒಂದು ಲೋಟ ಕಾಫಿ ಕೊಡಬಹುದಿತ್ತು.

ಯುಗಾದಿ ಕಳೆದ ಮೇಲೆ ಶುರುವಾಯಿತು.
ತೋಳಿನ ಅಳತೆ ಹುಡುಕಹೋದರೆ
'ಐವತ್ತು ದಾಟಿದ ಹೆಂಗಸರು ಸ್ಕೂಟಿ ಕಲಿಯುವುದು ಹೀಗೆ.'
ತಳ್ಳಿದೆ. ಇನ್ನೊಂದು ಬಂತು:
ಆರ್‌ಟಿಓ ಮೈದಾನದಲ್ಲಿ ಎಂಟು ಹಾಕುವ ಬಗೆ.
ಹೆಲ್ಮೆಟ್ಟಿಗೆ ರಿಯಾಯಿತಿ. ಎಲ್ ಬೋರ್ಡು.
ಸೆರಗು ಚಕ್ರಕ್ಕೆ ಸಿಗದಂತೆ ಸಿಕ್ಕಿಸುವ ಉಪಾಯ.

'ನಾನಲ್ಲಮ್ಮ, ಆಣೆ' ಅಂದಳು ಹರ್ಷಿಣಿ.
ಅತ್ತೆ ಮುಖ ಎತ್ತಲಿಲ್ಲ.
ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಒಡೆದ ಕೈಗೆ
ಎಣ್ಣೆ ತಿಕ್ಕಿಕೊಳ್ಳುತ್ತಾ,
'ಅದುಕ್ಕೇನು, ಬಾಯೈತೆ, ಏನಾರಾ ಒದರ್ತದೆ.'

ಮಂಡಿ ಎರಡು ಮೈಲಿ.
ಮೂವತ್ತು ವರ್ಷ ನಡೆದಿದ್ದಾರೆ,
ಗೇಟು ಹಾಕಿದಾಗ ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಾ ನಿಂತು.
ಏನು ಬೇಕು ಅಂತ ನಾನು ಒಂದಿನ ಕೇಳಿದ್ದಿಲ್ಲ.
ಇದು ಮೂರೇ ರಾತ್ರಿಯಲ್ಲಿ
ಅವರ ಹೆಬ್ಬೆರಳು ಎಲ್ಲಿ ತಡೆಯಿತು
ನೋಡಿಟ್ಟುಕೊಂಡಿದೆ.

ನೀರು ಕುಡಿಯಲು ಎದ್ದ ಒಂದು ರಾತ್ರಿ ಕಂಡೆ:
ನಿದ್ದೆಯಲ್ಲಿ ಅತ್ತೆಯ ಬಲಗೈ
ಕಂಬಳಿಯ ಅಂಚು ಹಿಡಿದು
ಮೆಲ್ಲಗೆ, ಬಲು ಮೆಲ್ಲಗೆ, ತಿರುಗಿಸುತ್ತಿತ್ತು.

ಆಮೇಲೆ ಮಗಳ ಪೂರಕ ಪರೀಕ್ಷೆ ಬಂತು.
ಹಗಲೂ ರಾತ್ರಿ ಫೋನು ಅವಳ ಕೈಲಿ.
ಪರದೆ ತುಂಬ ಸೈನು, ಕಾಸು, ಪ್ರಮೇಯ;
ಸ್ಕೂಟಿಗಳು ಒಂದೊಂದಾಗಿ ತಳ ಸೇರಿದವು.
ಮರೆವು ಅದಕ್ಕೂ ಇದೆ.

ಇವತ್ತು ಪರೀಕ್ಷೆ ಮುಗಿಯಿತು.
ಗೌಡರ ಮನೆಯ ಬ್ಲೌಸು ಅರ್ಧಕ್ಕೇ ಬಿಟ್ಟು ಕೂತು
ಹನ್ನೊಂದು ಸ್ಕೂಟಿ ನೋಡಿದೆ, ಕೊನೆಯವರೆಗೂ.
ಕಣ್ಣು ಉರಿಯಿತು. ಎಲ್ಲಕ್ಕೂ ಮೆಚ್ಚುಗೆ ಒತ್ತಿದೆ.

ಊಟವಾಯಿತು. ಫೋನು ಅತ್ತೆಗೆ ಕೊಟ್ಟು ಬಂದು
ಪಾತ್ರೆ ಉಜ್ಜುತ್ತಾ ಕಿವಿಗೊಟ್ಟೆ.
ನಡುಮನೆಯಿಂದ ಯಾವುದೋ ಹೆಣ್ಣುದನಿ:
'ಮೊದಲು ಸ್ಟ್ಯಾಂಡು ತೆಗೆಯಿರಿ.'
ನಲ್ಲಿ ಸಣ್ಣಗೆ ಮಾಡಿದೆ.